ಸೊಂಟಕ್ಕೆ ಕೂರುವ ಟ್ರೇ

ಹಾಜಿಮೆ ತೊಕುನಾಗಾ ತೀರಿಕೊಂಡಾಗ ಗಾರ್ಡೀನಾ ಎಂಬ ಊರಿನ ಬೌದ್ಧ ಮಂದಿರದ ಗುರುಗಳಿಗೆ ಒಂದು ಪೇಚಾಟ ಎದುರಾಯಿತು. ಸತ್ತವನು ಬದುಕಿದ್ದಾಗ ಏನು ಕೆಲಸ ಮಾಡುತ್ತಿದ್ದ ಎಂದು ಹೇಳುವುದು? ಬುದ್ಧನ ಮುಂದೆ ನಿಂತು, ಜೂಜಿನ ಬಿಲ್ಲೆ ಇಡುವ ಟ್ರೇ ಮಾಡುತ್ತಿದ್ದ ಅನ್ನಲು ಅವರಿಗೆ ನಾಲಿಗೆ ಏಳಲಿಲ್ಲ. ಮರಗೆಲಸದಲ್ಲಿ ಶ್ರದ್ಧೆಯಿದ್ದವರು ಎಂದಷ್ಟೇ ಹೇಳಿ ಮಂತ್ರಕ್ಕೆ ಹೊರಳಿಕೊಂಡರು. ಹಿಂದಿನ ಸಾಲಿನಲ್ಲಿ ಏಳೆಂಟು ಜನ ವಯಸ್ಸಾದ ಬಿಳಿಯ ಹೆಂಗಸರು ಕೂತಿದ್ದರು. ಧೂಪ ಹಾಕುವ ಕ್ರಮ ಅವರಿಗೆ ಗೊತ್ತಿರಲಿಲ್ಲ. ಮುಂದಿನವಳು ಮಾಡಿದ್ದನ್ನು ಹಿಂದಿನವಳು ನೋಡಿ ಮಾಡಿದಳು. ಸತ್ತವನು ಮಾಡುತ್ತಿದ್ದ ಕೆಲಸ ಏನು ಎಂಬುದು ಅವರಿಗೆ ಗುರುಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಒಬ್ಬೊಬ್ಬರೂ ಅದನ್ನು ವರ್ಷಗಟ್ಟಲೆ ಎಡಗೈಯಲ್ಲಿ ಹೊತ್ತು ನಡೆದವರು.

ಟ್ರೇ ಎಂದರೆ ಊಟ ತರುವಂಥದ್ದಲ್ಲ. ಗಾರ್ಡೀನಾದ ಇಸ್ಪೀಟು ಕ್ಲಬ್ಬುಗಳಲ್ಲಿ ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆ ಮಾರುವ ಹೆಂಗಸರು ಮೇಜಿನಿಂದ ಮೇಜಿಗೆ ಹೊತ್ತು ತಿರುಗುವ ಮರದ ಟ್ರೇ. ಅದರೊಳಗೆ ಬಿದಿರನ್ನು ಉದ್ದಕ್ಕೆ ಸೀಳಿ ಮಲಗಿಸಿದ ಹಾಗೆ ಅರೆದುಂಡಗಿನ ಸಾಲುಗಳು. ಬಿಲ್ಲೆಗಳು ಅಂಚಿನ ಮೇಲೆ ನಿಂತು, ಒಂದಕ್ಕೊಂದು ಒರಗಿಕೊಂಡು, ಸಾಲಿಗೆ ಇಪ್ಪತ್ತರಂತೆ ಕೂರಬೇಕು. ಒಂದು ಕಮ್ಮಿಯಿದ್ದರೆ ಕಣ್ಣಿಗೆ ಹೊಡೆಯಬೇಕು. ಒಂದು ಹೆಚ್ಚಾದರೆ ಒಳಗೆ ಹಿಡಿಯಬಾರದು. ನಡೆಯುವಾಗ ಗಲಗಲ ಸದ್ದು ಬರಬಾರದು, ಆದರೆ ಎರಡು ಬೆರಳು ಹಾಕಿ ಎತ್ತಿದರೆ ಇಡೀ ಸಾಲು ಕೈಗೆ ಬರಬೇಕು. ಮರ ಸುಮ್ಮನಿರುವ ವಸ್ತುವಲ್ಲ. ಬೇಸಗೆ ಶುರುವಾಗುವ ಹೊತ್ತಿಗೆ ಕಡಲಿನ ಕಡೆಯಿಂದ ಬರುವ ಮಂಜಿಗೆ ಉಬ್ಬುತ್ತದೆ, ಮರುಭೂಮಿಯ ಕಡೆಯಿಂದ ಬಿಸಿಗಾಳಿ ಬೀಸಿದಾಗ ಬಿಗಿದುಕೊಳ್ಳುತ್ತದೆ. ಎರಡಕ್ಕೂ ಸಲ್ಲುವಂತೆ ಹಾಜಿಮೆ ಪ್ರತಿ ಸಾಲಿನ ಕೊನೆಯಲ್ಲಿ ಉಗುರಿನಷ್ಟು ಜಾಗ ಬಿಡುತ್ತಿದ್ದ. ಅದನ್ನು ಅವನು ಉಸಿರು ಎಂದು ಕರೆಯುತ್ತಿದ್ದ.

ಅವನ ಶೆಡ್ಡು ಇದ್ದದ್ದು ಮಾವನ ಸಸಿತೋಟದ ಹಿಂದೆ. ಮುಂದೆ ಕುಂಡಗಳಲ್ಲಿ ಸೇವಂತಿಗೆ, ಹಿಂದೆ ತಗಡಿನ ಮಾಡಿನ ಕೆಳಗೆ ಮೇಪಲ್ ಹಲಗೆಗಳು. ಗರಗಸವನ್ನು ತನ್ನ ಕಡೆಗೆ ಎಳೆದು ಕೊಯ್ಯುವುದು ಅವನ ರೂಢಿ. ಊರಿನ ಉಳಿದ ಬಡಗಿಗಳು ಮುಂದಕ್ಕೆ ತಳ್ಳಿ ಕೊಯ್ಯುವವರು. ಇವನದನ್ನು ನೋಡಿ, ಮರ ಕೊಯ್ತಿದ್ದಾನೋ ಇಲ್ಲಾ ಮೀನಿಗೆ ಗಾಳ ಎಳೀತಿದ್ದಾನೋ ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಮಾತು ಕಮ್ಮಿ. ಹೆಂಡತಿ ಫುಮಿಯೆ ಅದಕ್ಕೆ ತದ್ವಿರುದ್ಧ. ಮಕ್ಕಳು ಹುಟ್ಟಿದ ಮೇಲೆ ಅವಳು ಅವನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಮಕ್ಕಳ ಹಾಗೆ ತಾನೂ ಅಪ್ಪ ಅನ್ನುತ್ತಿದ್ದಳು. ಅಪ್ಪನಿಗೆ ಮಾತು ಒಂದು ಡಬ್ಬಿ ಕೊಟ್ಟು ಕಳಿಸಿದ್ರು, ಮುಚ್ಚಳ ತೆಗೆಯೋದನ್ನ ಯಾರೂ ಹೇಳಿಕೊಡಲಿಲ್ಲ ಎಂಬುದು ಅವಳ ಹಳೆಯ ದೂರು.

ಮುಚ್ಚಳ ಬಿಗಿಯಾದದ್ದಕ್ಕೆ ಒಂದು ಕಾರಣವಿತ್ತು. ಜಪಾನಿನ ಜೊತೆಗಿನ ಯುದ್ಧದ ವರ್ಷಗಳಲ್ಲಿ ಸರ್ಕಾರ ಜಪಾನೀ ರಕ್ತದವರನ್ನೆಲ್ಲ ಮನೆ ಮಠ ಬಿಡಿಸಿ ಮರುಭೂಮಿಯ ಶಿಬಿರಗಳಿಗೆ ಸಾಗಿಸಿದಾಗ ಹಾಜಿಮೆಗೆ ಮದುವೆಯಾಗಿರಲಿಲ್ಲ. ತಾಯಿಯ ಜೊತೆ ಅರಿಝೋನಾದ ಒಂದು ಶಿಬಿರದಲ್ಲಿದ್ದ. ಅಲ್ಲಿನ ಹೆಂಗಸರ ಪಾಯಿಖಾನೆಗೆ ಅಡ್ಡಗೋಡೆ ಇರಲಿಲ್ಲ. ತಾಯಿ ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ ಎಂಬುದು ಕೆಲವು ದಿನಗಳಲ್ಲೇ ಅವನ ಗಮನಕ್ಕೆ ಬಂತು. ಯಾಕಮ್ಮ ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಏನೂ ಇಲ್ಲವಪ್ಪ ಅನ್ನುತ್ತಿದ್ದಳು, ಆಮೇಲೆ ಮಗನ ಮುಖ ನೋಡುವುದಕ್ಕೂ ನಾಚುತ್ತಿದ್ದಳು. ಅಡುಗೆಮನೆಯವರು ಎಸೆದ ಸೇಬಿನ ಪೆಟ್ಟಿಗೆಗಳನ್ನು ಒಡೆದು, ಮಡಚಿ ಕಂಕುಳಲ್ಲಿಟ್ಟುಕೊಂಡು ಹೋಗುವಂಥ ಒಂದು ಮರೆ ಮಾಡಿದ. ತಾಯಿಯ ಮಂಚದ ಪಕ್ಕ ಇಟ್ಟು ಹೊರಗೆ ಹೋದ. ಮರುದಿನದಿಂದ ಅವಳು ಅದನ್ನು ಒಯ್ಯತೊಡಗಿದಳು. ಸಾಯುವವರೆಗೂ ಅವಳೂ ಅದರ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ. ಅವನ ಕಣ್ಣಲ್ಲಿ ಅದೇ ಮರ್ಯಾದೆ. ಇನ್ನೊಬ್ಬರ ಕಷ್ಟ ಕಂಡರೆ ಅದಕ್ಕೆ ಹೆಸರಿಡಬಾರದು. ಕೈಲಾದ್ದು ಮಾಡಿ, ಇಟ್ಟು, ಬರಬೇಕು. ಅವನ ಜನರಲ್ಲಿ ಹಾಗೆ ನಡೆದುಕೊಳ್ಳುವವರನ್ನೇ ಒಳ್ಳೆಯವರು ಅನ್ನುವುದು.

ಯುದ್ಧ ಮುಗಿದು, ಮದುವೆಯಾಗಿ, ಗಾರ್ಡೀನಾದ ಕೊರೊನೆಟ್ ಕ್ಲಬ್ಬಿನ ಟ್ರೇ ಕೆಲಸ ಅವನಿಗೆ ಸಿಕ್ಕಿ ಕೆಲವು ವರ್ಷ ಆಗಿತ್ತು. ಕ್ಲಬ್ಬಿನವರು ಎಲ್ಲ ಟ್ರೇ ಒಂದೇ ಥರ ಇರಲಿ ಎಂದಿದ್ದರು. ಅವನು ತಲೆಯಾಡಿಸಿ ಬಂದು, ತನ್ನ ಪಾಡಿಗೆ ಮಾಡುತ್ತಿದ್ದ. ಹೊಸ ಟ್ರೇ ಮಾಡುವ ಮುಂಚೆ ಒಂದು ಬೆಳಗ್ಗೆ ಹಿಂಬಾಗಿಲಿನಿಂದ ಕ್ಲಬ್ಬಿಗೆ ಹೋಗಿ, ಕಾಫಿ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದ. ಆಡುವವರ ಕಡೆ ನೋಡುತ್ತಿರಲಿಲ್ಲ. ಹೆಂಗಸರು ಹೇಗೆ ನಡೆಯುತ್ತಾರೆ, ಯಾವ ಕಾಲಿಗೆ ಭಾರ ಬಿಡುತ್ತಾರೆ, ಬಗ್ಗುವಾಗ ಟ್ರೇಯ ಯಾವ ಮೂಲೆ ಪಕ್ಕೆಗೆ ತಿವಿಯುತ್ತದೆ ಎಂದು ನೋಡುತ್ತಿದ್ದ. ಆಮೇಲೆ ಒಬ್ಬಳದಕ್ಕೆ ಮೂಲೆ ಸ್ವಲ್ಪ ಹೆಚ್ಚು ದುಂಡಗೆ, ಇನ್ನೊಬ್ಬಳದಕ್ಕೆ ಕೈಹಿಡಿ ಒಂದೆಳೆ ಕೆಳಗೆ. ಟ್ರೇಗಳಿಗೆ ನಂಬರ್ ಇತ್ತು, ಒಬ್ಬೊಬ್ಬಳಿಗೆ ಒಂದೊಂದು. ಯಾಕೆ ತನ್ನದು ತನಗೆ ಹಗುರ ಎಂದು ಯಾರೂ ಯೋಚಿಸುತ್ತಿರಲಿಲ್ಲ. ಯೋಚಿಸದಿದ್ದರೇ ಅವನಿಗೆ ಖುಷಿ.

ಆ ಹೆಂಗಸರಲ್ಲಿ ವರ್ನಾ ಟ್ರಸ್ಕಾಟ್ ಅನ್ನುವವಳು ಮಾತ್ರ ಶೆಡ್ಡಿಗೂ ಬರುತ್ತಿದ್ದಳು. ಒಕ್ಲಹೋಮದ ಕಡೆಯವಳು. ಧೂಳಿನ ಬಿರುಗಾಳಿಗೆ ಊರು ಬಿಟ್ಟು ಬಂದ ಮನೆತನ. ಎತ್ತರದ ಮೂಳೆ ಮೂಳೆ ಹೆಂಗಸು, ಐವತ್ತು ದಾಟಿತ್ತು, ಗಂಡ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಹಾಜಿಮೆ ಎಂಬ ಹೆಸರು ಬಾಯಿಗೆ ಬಾರದೆ ಜಿಮ್ಮಿ ಅನ್ನುತ್ತಿದ್ದಳು. ಅವಳು ನೀನು ಅಂದರೂ ಅವನು ಅವಳಿಗೆ ನೀವು ಅನ್ನುವುದನ್ನು ಬಿಡಲಿಲ್ಲ. ಟ್ರೇಯ ಮೂಲೆ ಸಡಿಲವಾಗಿದೆ ಎಂಬ ನೆಪ ಹೇಳಿ ಬರುವಳು, ಜೊತೆಗೆ ತಾನೇ ಮಾಡಿದ ಪೀಚ್ ಹಣ್ಣಿನ ಕಡುಬು ತರುವಳು. ಫುಮಿಯೆ ಅನ್ನ, ಚಹಾ, ಹಳದಿ ಮೂಲಂಗಿ ಉಪ್ಪಿನಕಾಯಿ ಮುಂದಿಡುವಳು.

"ಫುಮಿಯೆ, ಇದು ಉಪ್ಪಿನಕಾಯೋ ಇಲ್ಲಾ ಜೈಲು ಶಿಕ್ಷೆಯೋ? ನಾಲಿಗೆ ಸತ್ತೇ ಹೋಯ್ತು."

"ಸಾಯ್ಲಿ ಬಿಡು, ನಿನ್ನ ನಾಲಿಗೆಗೆ ಅಷ್ಟಾದ್ರೂ ರಜೆ ಸಿಗ್ಲಿ. ಮೂರನೇ ಸಲ ತಟ್ಟೆ ಚಾಚ್ತಾ ಇದ್ದೀಯಲ್ಲ, ಶಿಕ್ಷೆ ಇಷ್ಟ ಅಂತ ಕಾಣುತ್ತೆ."

ಇಬ್ಬರ ಜಗಳ ಕೇಳುತ್ತ ಹಾಜಿಮೆ ಹಲಗೆಗೆ ಮರಳುಕಾಗದ ಉಜ್ಜುತ್ತಿದ್ದ. ಅವನಿಗೆ ಅಷ್ಟು ಸುಖದ ಹೊತ್ತು ಬೇರೆ ಇರಲಿಲ್ಲ.

ಒಂದು ಚಳಿಗಾಲದ ಕೊನೆಯಲ್ಲಿ ಅವನು ವರ್ನಾಳ ಎಡಗೈ ನೋಡಿದ. ಅವಳು ಚಹಾ ಬಟ್ಟಲನ್ನು ಬಲಗೈಯಲ್ಲೇ ಎತ್ತುತ್ತಿದ್ದಳು, ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಕ್ಲಬ್ಬಿಗೆ ಹೋಗಿ ಕೂತು ನೋಡಿದ. ಬೆರಳುಗಳು ಆಡುತ್ತಿದ್ದವು, ಆದರೆ ಮಣಿಕಟ್ಟು ಭಾರ ತಾಳುತ್ತಿರಲಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ನಡೆಯುತ್ತಿದ್ದಳು. ಯಾರೂ ನೋಡುತ್ತಿಲ್ಲ ಅನ್ನಿಸಿದಾಗ ಟ್ರೇಯ ಅಂಚನ್ನು ಖಾಲಿ ಮೇಜಿನ ಮೇಲೆ ತಾಗಿಸಿ ಉಸಿರು ಬಿಡುತ್ತಿದ್ದಳು. ಮುಖದಲ್ಲಿ ಮಾತ್ರ ಎಂದಿನ ನಗು.

ನಗದೆ ವಿಧಿಯಿರಲಿಲ್ಲ. ಕ್ಲಬ್ಬಿನ ಮೇಲ್ವಿಚಾರಕ ಕೀನನ್ ಹೋದ ತಿಂಗಳಷ್ಟೇ ಐಲೀನ್ ಎಂಬವಳನ್ನು ಮಂಡಿ ನೋವಿನಿಂದ ಕುಂಟುತ್ತಾಳೆಂದು ಮನೆಗೆ ಕಳಿಸಿದ್ದ. ಆಡಲು ಬಂದವರು ಆಸ್ಪತ್ರೆ ನೋಡೋಕೆ ಬಂದವರಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದ. ವರ್ನಾಳಿಗೆ ಆ ಕೆಲಸ ಬಿಟ್ಟರೆ ಬೇರೆ ಕೆಲಸ ಬಾರದು, ಆ ವಯಸ್ಸಿನಲ್ಲಿ ಕಲಿಸಿ ಇಟ್ಟುಕೊಳ್ಳುವವರೂ ಇರಲಿಲ್ಲ. ಯಾರ ಹಂಗೂ ಇಲ್ಲದೆ ಬದುಕಿದವಳು. ಅಷ್ಟು ದಿನ ಕಟ್ಟಿಕೊಂಡಿದ್ದೆಲ್ಲ ಈಗ ಒಂದು ಮಣಿಕಟ್ಟಿನ ಮೇಲೆ ನಿಂತಿತ್ತು.

ಹಾಜಿಮೆ ಅವಳನ್ನು ಏನೂ ಕೇಳಲಿಲ್ಲ. ಮೂಲೆ ಸಡಿಲವಾಗಿದೆ ಎಂದು ಅವಳ ಟ್ರೇ ಇರಿಸಿಕೊಂಡ. ಸಾಲುಗಳಿಗೆ ಕೈ ಹಚ್ಚಲಿಲ್ಲ. ತಳದ ಹಲಗೆಯನ್ನು ಬಿಚ್ಚಿ ಎಸೆದು, ಬೇರೆ ತಳ ಮಾಡಿದ. ದೇವದಾರಿನ ಹಗುರ ಮರ. ಒಂದು ಬದಿಯಲ್ಲಿ ಅದನ್ನು ಬಾಗು ಉಳಿಯಿಂದ ಕೊರೆದು ಕೊರೆದು ಒಂದು ಹಳ್ಳ ಮಾಡಿದ, ವರ್ನಾಳ ಎತ್ತರದ ಚೂಪು ಸೊಂಟದ ಮೂಳೆ ಅದರೊಳಗೆ ಕೂತರೆ ಟ್ರೇಯ ಭಾರವೆಲ್ಲ ಸೊಂಟಕ್ಕೇ ಇಳಿಯುವ ಹಾಗೆ. ಕೈ ಸುಮ್ಮನೆ ಮೇಲೆ ಆನಿಸಿಕೊಂಡಿದ್ದರೆ ಸಾಕು. ಕೂಸನ್ನು ಸೊಂಟಕ್ಕೆ ಎತ್ತಿಕೊಂಡ ಹೆಂಗಸಿಗೆ ಕೈ ನೋಯುವುದುಂಟೇ? ಟ್ರೇಯನ್ನು ಹಳೆಯ ನಂಬರಿನ ಜಾಗದಲ್ಲೇ ಇಟ್ಟು ಬಂದ.

ವರ್ನಾ ಕೆಲವು ದಿನ ಗಾಳಿಯಲ್ಲಿ ನಡೆದಂತೆ ನಡೆದಳು. ಟ್ರೇಯನ್ನು ಪಕ್ಕೆಗೆ ಒತ್ತಿ ನಡೆಯುವುದು ರೂಢಿಯಾಗಿದ್ದರಿಂದ ಮೊದಲು ಅವಳಿಗೆ ಕಾರಣ ಹೊಳೆಯಲಿಲ್ಲವಂತೆ. ಚಳಿ ಕಡಿಮೆಯಾಯಿತು, ಅದಕ್ಕೇ ಕೈ ಸರಿಹೋಯಿತು ಎಂದುಕೊಂಡಳಂತೆ. ಅದು ಟ್ರೇಯ ಗುಣ ಎಂದು ತಿಳಿದಿದ್ದರೆ ಹುಷಾರಾಗಿರುತ್ತಿದ್ದಳು. ತಿಳಿಯಲಿಲ್ಲ. ಅಲ್ಲೇ ಎಡವಟ್ಟಾಯಿತು.

ಒಂದು ಜನಸಂದಣಿಯ ಮಧ್ಯಾಹ್ನ ಬಿಲ್ಲೆ ಕೊಡುವ ಕಿಟಕಿಯವಳು ಆತುರದಲ್ಲಿ ವರ್ನಾಳ ಟ್ರೇಯನ್ನು ಬೆಟಿ ಎಂಬವಳ ಕೈಗೆ ಕೊಟ್ಟಳು. ಬೆಟಿ ಕುಳ್ಳಿ, ಮೈಕೈ ತುಂಬಿದವಳು. ಎಂದಿನಂತೆ ಮುಂಗೈ ಮೇಲೆ ಇಟ್ಟುಕೊಂಡು ಹೊರಟಳು. ತಳದ ಒಂದು ಬದಿ ಟೊಳ್ಳು, ಕೈ ಆನಿಸಲು ಜಾಗವಿಲ್ಲ. ನಾಲ್ಕು ಹೆಜ್ಜೆಗೆ ಟ್ರೇ ಮಗುಚಿ, ಸಾಲು ಸಾಲು ಬಿಲ್ಲೆ ನೆಲದ ತುಂಬ ಉರುಳಿದವು. ಆಡುತ್ತಿದ್ದ ಮುದುಕಿಯರು ಕುರ್ಚಿ ಸರಿಸಿಕೊಂಡು ಬಗ್ಗಿದರು. ಯಾರು ಯಾವ ಬಿಲ್ಲೆ ಹೆಕ್ಕಿ ಎಲ್ಲಿಟ್ಟರೋ ದೇವರಿಗೇ ಗೊತ್ತು. ಕೀನನ್ ಬಂದು ಟ್ರೇಯನ್ನು ಬೋರಲು ಹಾಕಿ ನೋಡಿದ. ತಳದ ಹಳ್ಳದೊಳಗೆ ಬೆರಳಾಡಿಸಿದ. ನಂಬರ್ ನೋಡಿದ. ಅವನು ದಡ್ಡನಲ್ಲ. ವರ್ನಾಳನ್ನು ಕರೆದು, ಶನಿವಾರ ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ತುಂಬಿದ ಟ್ರೇ ಹೊತ್ತು ತನ್ನ ಮುಂದೆ ನಡೆದು ತೋರಿಸಬೇಕು, ಆಗದಿದ್ದರೆ ಐಲೀನಳ ದಾರಿ ಎಂದ.

ವರ್ನಾ ನೇರ ಶೆಡ್ಡಿಗೆ ಬಂದಳು. ಕಡುಬು ಇರಲಿಲ್ಲ. ಟ್ರೇಯನ್ನು ಹಾಜಿಮೆಯ ಕೆಲಸದ ಮೇಜಿನ ಮೇಲೆ ಕುಕ್ಕಿದಳು.

"ಜಿಮ್ಮಿ, ಇದು ನಿನ್ನ ಕೆಲಸಾನಾ?"

ಅವನು ಹೌದೆಂದು ತಲೆಯಾಡಿಸಿದ.

"ನನ್ನ ಕೈ ನೋಯುತ್ತೆ ಅಂತ ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನಿಮ್ಮನ್ನ ನೋಡಿದೆ."

"ನೋಡ್ದೆ, ಸರಿ. ಬಾಯಿ ಎಲ್ಲಿಟ್ಟಿದ್ದೆ? ವರ್ನಾ, ತಳ ಬದಲಾಯಿಸಿದ್ದೀನಿ, ಬೇರೆಯವರ ಕೈಗೆ ಕೊಡಬೇಡ ಅಂತ ಒಂದು ಮಾತು ಅಂದಿದ್ರೆ ನಿನ್ನ ಹಲ್ಲು ಉದುರ್ತಿತ್ತಾ? ಹೋದ ವರ್ಷದಿಂದ ಹಲ್ಲುಕಚ್ಚಿ ಮುಚ್ಚಿಟ್ಟಿದ್ದೆ ಕಣೋ. ನಿನ್ನ ಉಳಿ ಅದನ್ನ ಎಲ್ಲರಿಗೂ ಕಾಣೋ ಹಾಗೆ ಕೆತ್ತಿಟ್ಟುಬಿಡ್ತು."

ಅವನು ಏನಾದರೂ ಹೇಳುತ್ತಾನೇನೋ ಎಂದು ಕಾದಳು. ಅವನು ತಪ್ಪಾಯಿತು ಎಂಬಂತೆ ಸೊಂಟದಿಂದ ಬಗ್ಗಿ ತಲೆ ತಗ್ಗಿಸಿ ನಿಂತ, ಅಷ್ಟೇ. ಅವಳು ಅದನ್ನು ನೋಡಿ ಇನ್ನೂ ಸಿಟ್ಟಾದಳು. "ಬಗ್ಗಿ ಏನು ಹುಡುಕ್ತಾ ಇದ್ದೀಯ? ನನ್ನ ಕೆಲಸ ನೆಲದ ಮೇಲೆ ಬಿದ್ದಿಲ್ಲ" ಎಂದು ಹೊರಟುಹೋದಳು.

ಆ ದಿನ ಅವನು ಉಳಿ ಮುಟ್ಟಲಿಲ್ಲ. ತಾಯಿಯ ವಿಷಯದಲ್ಲಿ ಸರಿಯಾಗಿದ್ದದ್ದು ಇಲ್ಲಿ ತಪ್ಪಾದದ್ದು ಹೇಗೆ ಎಂದು ಅವನಿಗೆ ಬಗೆಹರಿಯಲಿಲ್ಲ. ಎರಡು ಸಲವೂ ಮಾಡಿದ್ದು ಒಂದೇ ಕೆಲಸ. ಫುಮಿಯೆ ಊಟಕ್ಕೆ ಕರೆದಳು. ಬರಲಿಲ್ಲ. ಅವಳೇ ಅನ್ನದ ಬಟ್ಟಲು ಹಿಡಿದು ಶೆಡ್ಡಿಗೆ ಬಂದಳು.

"ಅಪ್ಪ, ಬಾಯಿ ಕೊಟ್ಟಿರೋದು ಬರೀ ಅನ್ನ ತಿನ್ನೋಕಲ್ಲ. ಈಗ ಅದಕ್ಕೂ ಬೇಡ ಅಂತಿದ್ದೀರಿ."

"ಅವರನ್ನ ಹೋಗಿ ಏನಂತ ಕೇಳಲಿ?"

"ಏನ್ ಮಾಡ್ಲಿ ಅಂತ ಕೇಳಿ. ನಿಮ್ಮಮ್ಮ ಇದ್ದಿದ್ರೆ ಕೇಳದೇ ಇದ್ದಿದ್ದಕ್ಕೆ ಖುಷಿ ಪಡ್ತಿದ್ರು. ವರ್ನಾ ನಿಮ್ಮಮ್ಮ ಅಲ್ಲ. ಅವಳ ಊರಲ್ಲಿ ಹೇಳದೇ ಮಾಡಿದ್ರೆ ಕದ್ದು ಮಾಡಿದ ಹಾಗೆ."

ಮರುದಿನ ಹಾಜಿಮೆ ಮಡಿ ಅಂಗಿ ಹಾಕಿಕೊಂಡು ವರ್ನಾಳ ಮನೆಗೆ ಹೋದ. ಅವಳು ಬಾಗಿಲು ತೆಗೆದು, ಒಳಗೆ ಬಾ ಅನ್ನದೆ ಚೌಕಟ್ಟಿಗೆ ಒರಗಿ ನಿಂತಳು. ದಾರಿಯುದ್ದ ಜೋಡಿಸಿಕೊಂಡು ಬಂದ ಮಾತು ಅವನಿಗೆ ಮರೆತುಹೋಯಿತು. ಕೊನೆಗೆ, ನಾನು ಕೇಳದೆ ಮಾಡಿದೆ, ಈಗ ಕೇಳುತ್ತಿದ್ದೇನೆ, ಏನು ಮಾಡಲಿ ಎಂದ. ಅಷ್ಟು ಹೇಳುವ ಹೊತ್ತಿಗೆ ಬೆವರಿ ಹೋಗಿದ್ದ.

ವರ್ನಾ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತಳು. ಸಿಟ್ಟು ಇಳಿದಿರಲಿಲ್ಲ, ಆದರೆ ಯೋಚನೆ ಶುರುವಾಗಿತ್ತು. ಸೊಂಟಕ್ಕೆ ಕೂರುವ ಆ ಟ್ರೇ ಒಳ್ಳೆಯದೇ ಎಂದಳು. ಆ ಕೆಲವು ದಿನ ಸಂಜೆ ಮನೆಗೆ ಬಂದು ತಾನೇ ತಲೆ ಬಾಚಿಕೊಳ್ಳುವಂತಾಗಿತ್ತು ಎಂದಳು. ತೊಂದರೆ ಟ್ರೇಯದಲ್ಲ.

"ನನ್ನೊಬ್ಬಳದೇ ಹಾಗಿದ್ರೆ ನಾನು ಕುಂಟಿ ಜಿಮ್ಮಿ. ಎಲ್ಲರದೂ ಹಾಗೇ ಇದ್ರೆ, ಅದು ಟ್ರೇ ಇರೋದೇ ಹಾಗೆ."

ಮಂಜಿನ ಕಾಲ ಬರುವ ಮುಂಚೆ ಕ್ಲಬ್ಬಿನ ಟ್ರೇಗಳನ್ನೆಲ್ಲ ಎರಡು ಮೂರರಂತೆ ಶೆಡ್ಡಿಗೆ ತರಿಸಿ, ಸಾಲುಗಳ ಉಸಿರು ಸರಿಮಾಡುವುದು ಪ್ರತಿವರ್ಷದ ವಾಡಿಕೆ. ಆ ಕೆಲಸ ಈ ವಾರವೇ ಇತ್ತು. ತಳಗಳೋ ತಿರುಪು ಬಿಚ್ಚಿದರೆ ಬರುವಂಥವು. ಶನಿವಾರದೊಳಗೆ ಎಲ್ಲದಕ್ಕೂ ಹೊಸ ತಳ ಕೂರಿಸಬಹುದು. ಆದರೆ ವರ್ನಾಳ ಸೊಂಟದ ಅಳತೆ ಬೇರೆಯವರಿಗೆ ಆಗದು ಎಂಬುದು ಬೆಟಿಯಿಂದಲೇ ಗೊತ್ತಾಗಿತ್ತು. ಒಬ್ಬೊಬ್ಬಳದೂ ಅಳತೆ ತೆಗೆಯಬೇಕು. ಕಣ್ಣಂದಾಜು ಸಾಲದು, ಮತ್ತು ಕದ್ದು ನೋಡಿ ಮಾಡುವ ಕೆಲಸ ಅವನಿಗೆ ಸಾಕಾಗಿತ್ತು. ಪರ ಹೆಂಗಸರ ಸೊಂಟ ಅಳೆಯುವುದೆಂದರೆ ಅವನು ಸಸಿತೋಟದ ನೀರಿನ ತೊಟ್ಟಿಗೆ ಹಾರಿಕೊಳ್ಳುತ್ತಿದ್ದ. ಆ ಭಾರ ಫುಮಿಯೆ ಹೊತ್ತಳು.

ಹೆಂಗಸರು ಕೆಲಸಕ್ಕೆ ಹೋಗುವ ಮುಂಚೆ ಒಬ್ಬೊಬ್ಬರಾಗಿ, ಆಮೇಲೆ ಗುಂಪು ಗುಂಪಾಗಿ ಬಂದರು. ಫುಮಿಯೆ ಸೇವಂತಿಗೆ ಕುಂಡಗಳ ನಡುವೆ ಅವರನ್ನು ನಿಲ್ಲಿಸಿ, ಬಟ್ಟೆ ಹೊಲಿಯುವ ಟೇಪು ಹಿಡಿದು, ಅಳತೆಯನ್ನು ಗಟ್ಟಿಯಾಗಿ ಕೂಗುವಳು. ತಗಡಿನ ಗೋಡೆಯ ಆಚೆ ಹಾಜಿಮೆ ಬೆನ್ನು ತಿರುಗಿಸಿ ಕೂತು ಹಲಗೆಯ ಮೇಲೆ ಗೀಟು ಎಳೆಯುವನು. ಇಷ್ಟು ಗಟ್ಟಿಯಾಗಿ ಕೂಗಿದರೆ ಬೀದಿಗೆಲ್ಲ ತಿಳಿಯುತ್ತೆ ಎಂದು ಬೆಟಿ ಗದರಿದಳು. ನಿನ್ನದು ಕೂಗದಿದ್ರೂ ಬೀದಿಗೆ ಕಾಣುತ್ತೆ ಎಂದಳು ಫುಮಿಯೆ. ನಗುವಿಗೆ ಕುಂಡಗಳು ಅಲ್ಲಾಡಿದವು.

ಅಳತೆಯ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲು ಹಾಜಿಮೆ ಹೆಂಡತಿಗೆ ಹೇಳಿದ್ದ. ಅವಳು ಕೇಳಲಿಲ್ಲ. ಅದು ನಿಮ್ಮ ಪಾಲಿನದು, ನೀವೇ ಕೇಳಿ ಎಂದು ಅವನನ್ನು ಹೊರಗೆ ಎಳೆದು ತಂದು ನಿಲ್ಲಿಸಿದಳು. ಅವನು ಟೋಪಿಯನ್ನು ಕೈಯಲ್ಲಿ ಹಿಡಿದು, ನೆಲ ನೋಡುತ್ತ ಕೇಳಿದ.

"ನಿಮಗೆ ಎಲ್ಲಿ ನೋಯುತ್ತೆ?"

ಅಷ್ಟು ವರ್ಷ ಒಂದೇ ನೆಲದ ಮೇಲೆ ಒಟ್ಟಿಗೆ ನಡೆದವರು, ಈ ಪ್ರಶ್ನೆಯನ್ನು ಮಾತ್ರ ಯಾರೂ ಯಾರಿಗೂ ಕೇಳಿರಲಿಲ್ಲ. ಒಬ್ಬಳು ಕುತ್ತಿಗೆಯ ಹಿಂಬದಿ ಮುಟ್ಟಿ ತೋರಿಸಿದಳು. ಇನ್ನೊಬ್ಬಳು ಹೆಬ್ಬೆರಳಿನ ಬುಡ. ಬೆಟಿ, ಟ್ರೇ ಹೊರುವ ಕಡೆಯ ಹೆಗಲು ಎತ್ತಲಾರದೆ ವರ್ಷದಿಂದ ರಾತ್ರಿ ಮಗ್ಗುಲು ಬದಲಿಸುವುದಕ್ಕೂ ಆಗುತ್ತಿಲ್ಲ ಎಂದಳು. ವರ್ನಾ ಅವಳ ಕಡೆ ತಿರುಗಿ, ನಂಗೆ ಹೇಳಲೇ ಇಲ್ವಲ್ಲೇ ಎಂದಳು. ನೀನು ಹೇಳಿದ್ಯಾ ಎಂದಳು ಬೆಟಿ. ಕೀನನ್‌ಗೆ ಗೊತ್ತಾಗದಿರಲಿ ಎಂದು ಅವರು ಒಬ್ಬರಿಗೊಬ್ಬರೂ ಮುಚ್ಚಿಟ್ಟಿದ್ದರು. ಹಾಜಿಮೆ ಒಳಗೆ ಹೋಗಿ ಕೆಲಸಕ್ಕೆ ಕೂತ. ಹೊರಗೆ ಇನ್ನೂ ಬಹಳ ಹೊತ್ತು ಅವರ ಮಾತು ನಡೆದಿತ್ತು. ಈ ಸಲ ನಗು ಇರಲಿಲ್ಲ.

ಆ ವಾರ ಶೆಡ್ಡಿನಲ್ಲಿ ದೇವದಾರಿನ ಸಿಪ್ಪೆ ಮೊಣಕಾಲುದ್ದ ಬಿತ್ತು. ಕುತ್ತಿಗೆ ನೋವಿನವಳಿಗೆ ಹಳ್ಳ ಇನ್ನಷ್ಟು ಹಿಂದಕ್ಕೆ, ಹೆಬ್ಬೆರಳಿನವಳಿಗೆ ಹಿಡಿಯ ಜಾಗದಲ್ಲಿ ಅಂಗೈ ಇಡುವಷ್ಟು ತಗ್ಗು. ಬೆಟಿಯದಕ್ಕೆ ಹಳ್ಳ ಅಗಲ, ಆಳ ಕಮ್ಮಿ. ಒಂದೊಂದನ್ನೂ ಬಿಲ್ಲೆ ತುಂಬಿ, ಅವರಿಂದಲೇ ಹೊರಿಸಿ, ಸರಿಯಿದೆಯಾ ಎಂದು ಕೇಳಿದ. ಸರಿಯಿಲ್ಲ ಎಂದವರದ್ದನ್ನು ಮತ್ತೆ ಕೊರೆದ. ಅವನ ಇಡೀ ಜೀವಮಾನದಲ್ಲಿ ಯಾರೂ ಅವನಿಗೆ ಅಷ್ಟು ಸಲ ಸರಿಯಿಲ್ಲ ಅಂದಿರಲಿಲ್ಲ. ಅದು ಅವನಿಗೆ ಹಿತವಾಗಿತ್ತು ಎಂದು ಆಮೇಲೆ ಒಮ್ಮೆ ಹೇಳಿದ್ದುಂಟು.

ಶನಿವಾರ ಬೆಳಗ್ಗೆ ಕೀನನ್ ಬಂದಾಗ ಹೆಂಗಸರೆಲ್ಲ ಟ್ರೇಗಳನ್ನು ಸೊಂಟಕ್ಕೇರಿಸಿ ಸಾಲಾಗಿ ನಿಂತಿದ್ದರು. ಹಾಜಿಮೆ ಹಿಂಬಾಗಿಲಿನ ಬಳಿ ನಿಂತಿದ್ದ. ಕೀನನ್ ಒಂದು ಟ್ರೇ ತಿರುಗಿಸಿ ನೋಡಿದ, ಇನ್ನೊಂದು ನೋಡಿದ. ಇದನ್ನೆಲ್ಲ ಮಾಡೋಕೆ ಯಾರು ಹೇಳಿದ್ದು ಎಂದ.

"ಇವರನ್ನು ಕೇಳಿ ಮಾಡಿದೆ" ಎಂದ ಹಾಜಿಮೆ.

"ನನ್ನ ಕೇಳಿದ್ಯಾ?"

"ಇಲ್ಲ. ಈಗ ಕೇಳ್ತಿದ್ದೀನಿ, ಮಿಸ್ಟರ್ ಕೀನನ್. ನಿಮಗೆ ಒಪ್ಪಿಗೆಯಾ?"

ಕೀನನ್ ಬೆಟಿಯ ಟ್ರೇ ಇಸಿದುಕೊಂಡು ತನ್ನ ಪಕ್ಕಕ್ಕೆ ಆನಿಸಿ ನೋಡಿದ. ಅದು ಜಾರಿತು. ಮತ್ತೆ ಆನಿಸಿದ, ಮತ್ತೆ ಜಾರಿತು. ನಿಮಗೆ ಸೊಂಟ ಎಲ್ಲಿದೆ, ನಿಮ್ಮ ಬೆಲ್ಟೇ ಇನ್ನೂ ಹುಡುಕ್ತಾ ಇದೆ ಎಂದಳು ಬೆಟಿ. ಸಾಲಿನಲ್ಲಿ ನಗು ಎದ್ದಿತು. ಕೀನನ್ ನಗಲಿಲ್ಲ. ಟ್ರೇಯನ್ನು ವಾಪಸು ಕೊಟ್ಟು ವರ್ನಾಳ ಕಡೆ ನೋಡಿದ.

ಅವಳು ಯಾರೂ ಹೇಳುವ ಮುಂಚೆಯೇ ಹೊರಟಳು. ತುಂಬಿದ ಟ್ರೇ ಹೊತ್ತು, ಮೇಜುಗಳ ನಡುವೆ ಆ ಕೊನೆಯವರೆಗೆ ನಡೆದಳು, ತಿರುಗಿದಳು, ಬಂದಳು. ದಾರಿಯಲ್ಲಿ ಒಂದು ಖಾಲಿ ಕುರ್ಚಿಯ ಮುಂದೆ ನಿಂತು, ಆಟಗಾರನಿಗೆ ಕೊಡುವಂತೆ ಎರಡು ಬೆರಳಿನಿಂದ ಒಂದು ಸಾಲು ಎತ್ತಿ, ಮತ್ತೆ ಕೂರಿಸಿದಳು. ಒಂದು ಬಿಲ್ಲೆಯೂ ಸದ್ದು ಮಾಡಲಿಲ್ಲ. ಕೀನನ್ ಅವಳ ಎಡ ಮಣಿಕಟ್ಟನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿರುವುದು ಅವಳಿಗೂ ಗೊತ್ತಿತ್ತು. ಆದರೆ ಈಗ ಅವನು ಒಬ್ಬಳನ್ನು ಕಳಿಸಬೇಕಾದರೆ ಅದೇ ಥರದ ಟ್ರೇ ಹೊತ್ತ ಎಲ್ಲರಿಗೂ ಉತ್ತರ ಹೇಳಬೇಕಿತ್ತು, ಅವರು ಅವನ ಕಡೆಯೇ ನೋಡುತ್ತ ನಿಂತಿದ್ದರು.

"ಇನ್ಮೇಲೆ ಒಬ್ಬರ ಟ್ರೇ ಇನ್ನೊಬ್ಬರಿಗೆ ಹೋಗಬಾರದು" ಎಂದು ಕಿಟಕಿಯವಳಿಗೆ ಹೇಳಿ, ಬಾಗಿಲು ತೆಗೆಸಲು ಹೋದ.

ವರ್ನಾ ಆಮೇಲೆ ಎಷ್ಟೋ ವರ್ಷ ಬಿಲ್ಲೆ ಮಾರಿದಳು. ಬಿಟ್ಟಾಗ ತಾನೇ ಬಿಟ್ಟಳು, ಕೀನನ್‌ನ ಕೈ ಕುಲುಕಿ, ಬಲಗೈಯಲ್ಲಿ. ಐಲೀನಳಿಗೆ ಮಾತ್ರ ಯಾರಿಂದಲೂ ಏನೂ ಮಾಡಲಾಗಲಿಲ್ಲ. ಅವಳಿಗೂ ಅಂಥ ಒಂದು ಟ್ರೇ ಮೊದಲೇ ಇದ್ದಿದ್ದರೆ ಎಂದು ಹಾಜಿಮೆ ಬಹಳ ಕಾಲ ಕೊರಗಿದ. ಟ್ರೇಯಿಂದ ಮಂಡಿ ಸರಿಹೋಗುತ್ತಾ ಎಂದರೆ, ಗೊತ್ತಿಲ್ಲ, ಕೇಳಿಯೇ ಇರಲಿಲ್ಲವಲ್ಲ ಅನ್ನುತ್ತಿದ್ದ.

ಅಲ್ಲಿಂದ ಮುಂದೆ ಕೇಳುವುದೇ ಅವನ ಕಸುಬಿನ ಮೊದಲ ಕೆಲಸವಾಯಿತು. ಬೇರೆ ಕ್ಲಬ್ಬುಗಳ ಹೆಂಗಸರು ಬಂದರು, ಮನೆಯಲ್ಲಿ ವಾರಕ್ಕೊಮ್ಮೆ ಪೋಕರ್ ಆಡುವ ಗೆಳೆಯರ ಗುಂಪಿನವರು ಮೇಜಿನ ಮೇಲಿಡುವ ಚಂದದ ಟ್ರೇ ಬೇಕೆಂದು ಬಂದರು. ಮರ ಯಾವುದು, ಸಾಲು ಎಷ್ಟು ಎಂದು ಕೇಳುವ ಮುಂಚೆ ಎಲ್ಲಿ ನೋಯುತ್ತೆ ಎಂದು ಕೇಳುವನು. ಗಂಡಸರು ಕಕ್ಕಾಬಿಕ್ಕಿಯಾಗುತ್ತಿದ್ದರು. ಕೆಲವರು ಗೇಲಿ ಮಾಡುತ್ತಿದ್ದರು, ಸೋತಾಗ ಎದೆ ನೋಯುತ್ತೆ, ಅದಕ್ಕೇನಾದ್ರೂ ತಳ ಇದೆಯಾ ಎಂದು. ಇನ್ನು ಕೆಲವರು ಸುಮ್ಮನೆ ನಿಂತು, ಆಮೇಲೆ ನಿಜ ಹೇಳುತ್ತಿದ್ದರು. ಪ್ಲಾಸ್ಟಿಕ್ಕಿನ ಟ್ರೇ ಬಂದ ಮೇಲೆ ಕ್ಲಬ್ಬಿನ ಕೆಲಸ ನಿಂತುಹೋಯಿತು. ಪ್ಲಾಸ್ಟಿಕ್ಕಿಗೆ ಮಂಜು ಬಿಸಿಲು ಒಂದೇ, ಬಿದ್ದರೂ ಒಡೆಯದು ಎಂದು ಅವನೇ ಹೊಗಳುತ್ತಿದ್ದ. ಕ್ಲಬ್ಬಿನ ಹಳೆಯ ಹೆಂಗಸರು ಮಾತ್ರ ತಮ್ಮ ಮರದ ಟ್ರೇಗಳನ್ನು ಮನೆಗೆ ಒಯ್ದರು. ಒಬ್ಬಳು ಅದರಲ್ಲಿ ದಾರದ ಉಂಡೆ ಇಡುತ್ತಾಳೆ. ಬೆಟಿ ಮೊಮ್ಮಗಳನ್ನು ಎತ್ತಿಕೊಳ್ಳುವ ಸೊಂಟದಲ್ಲೇ ಅದನ್ನೂ ಎತ್ತಿಕೊಂಡು, ಯಾವುದು ಹಗುರ ಎಂದು ಮಗಳಿಗೆ ತೋರಿಸುತ್ತಾಳಂತೆ.

ಅವನ ಕೊನೆಯ ಕಾಯಿಲೆ ಬೆನ್ನುಮೂಳೆಯೊಳಗೆ ಇತ್ತು. ಆಸ್ಪತ್ರೆಯಲ್ಲಿ ಊಟ ತರುವ ದಾದಿಯನ್ನೂ ಅವನು ಬಿಡಲಿಲ್ಲ. ಬಡಿಸುವಾಗ ಅವಳು ಬಗ್ಗುವ ರೀತಿ ನೋಡಿ, ಎಲ್ಲಿ ನೋಯುತ್ತಮ್ಮ ಎಂದ. ತನ್ನ ವಿಷಯಕ್ಕೆ ಬಂದರೆ ಹಳೆಯ ಹಾಜಿಮೆಯೇ. ಡಾಕ್ಟರು ಕೇಳಿದರೂ ಪರವಾಗಿಲ್ಲ, ಮಕ್ಕಳು ಕೇಳಿದರೂ ಪರವಾಗಿಲ್ಲ. ಪರವಾಗಿಲ್ಲ ಅನ್ನುವಾಗ ಹಾಸಿಗೆಯ ಕಬ್ಬಿಣದ ಪಟ್ಟಿ ಹಿಡಿದ ಅವನ ಬೆರಳುಗಳು ಬೆಳ್ಳಗಾಗುತ್ತಿದ್ದವು.

ವರ್ನಾ ಕೋಲೂರಿಕೊಂಡು ಬಂದಳು. ಎಪ್ಪತ್ತು ದಾಟಿತ್ತು. ಕುರ್ಚಿ ಎಳೆದು ಅವನ ಮುಖಕ್ಕೆ ಮುಖ ಕೊಟ್ಟು ಕೂತಳು. ಫುಮಿಯೆ ಕಿಟಕಿಯ ಬಳಿ ಇದ್ದಳು. ಮೂವರೂ ಕೆಲ ಹೊತ್ತು ಏನೇನೋ ಮಾತಾಡಿದರು, ಮೂಲಂಗಿ ಉಪ್ಪಿನಕಾಯಿ ಈಗ ಮೊದಲಿನಷ್ಟು ಕೊಲ್ಲುವುದಿಲ್ಲ ಎಂಬಂಥ ಮಾತು.

ಆಮೇಲೆ ವರ್ನಾ ಕೇಳಿದಳು. "ಜಿಮ್ಮಿ, ಎಲ್ಲಿ ನೋಯುತ್ತೆ?"

ಅವನು ಪರವಾಗಿಲ್ಲ ಅನ್ನಲು ಬಾಯಿ ತೆರೆದ. ಅವಳು ಕಾದಳು. ಅವಳು ಕಾಯುವುದನ್ನು ಅವನು ನೋಡಿದ, ಫುಮಿಯೆಯನ್ನು ನೋಡಿದ. ತೆರೆದ ಬಾಯಿ ಮುಚ್ಚಿದ. ಕೈ ಹಿಂದಕ್ಕೆ ಹಾಕಿ, ಬೆನ್ನಿನ ಕೆಳಗೆ ಎಡಬದಿಯಲ್ಲಿ ಒಂದು ಜಾಗವನ್ನು ಮುಟ್ಟಿ ತೋರಿಸಿದ.

"ಇಲ್ಲಿ. ಬಹಳ ನೋಯುತ್ತೆ."

ವರ್ನಾ ಟವೆಲ್ ಮಡಚಿ ಅಲ್ಲಿ ಒತ್ತಿಟ್ಟಳು. ಸರಿಯಿಲ್ಲ ಎಂದ ಅವನು. ಫುಮಿಯೆ ಬಂದು ಇನ್ನೊಂದು ಸುತ್ತು ಮಡಚಿದಳು. ಇನ್ನೂ ಸ್ವಲ್ಪ ಕೆಳಗೆ ಎಂದ. ಕೆಳಗೆ ಸರಿಸಿದರು. ಅವನು ಕಣ್ಣು ಮುಚ್ಚಿ, ಪಟ್ಟಿ ಹಿಡಿದಿದ್ದ ಬೆರಳುಗಳನ್ನು ಬಿಟ್ಟ.